ವಾಹನಗಳ ಹೊಗೆಯೂ ಹವಾಮಾನವೂ

ಹವಾಮಾನದ ಮಾತನ್ನಾಡದವರು ಇಂದು ಯಾರೂ ಇಲ್ಲ. ಚಹದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ದ್ರಾಕ್ಷಿ ತೋಟದ ಬದುವಿನ ಮೇಲೆ, ಕಾಲೇಜಿನ ವರಾಂಡದಲ್ಲಿ ಕೂಡ ಈ ಚರ್ಚೆ ನಡೆದೇ ಇರುತ್ತದೆ. ಮಳೆಗಾಲ ಮೊದಲಿನಂತಿಲ್ಲ ಎಂಬಲ್ಲಿಯವರೆಗೆ ಎಲ್ಲರದೂ ಒಂದೇ ಮಾತು. ಕಾರಣವೇನೆಂದು ಕೇಳಿದೊಡನೆ ಎರಡು ಪಂಗಡಗಳಾಗುತ್ತವೆ. ಒಬ್ಬರು ಮೋಟಾರುಗಳ ಹೊಗೆಯನ್ನು ದೂರುತ್ತಾರೆ. ಮತ್ತೊಬ್ಬರು, ಇದೆಲ್ಲ ಸೃಷ್ಟಿಯ ನಿಯಮ, ಮನುಷ್ಯನಿಂದ ಏನಾದೀತು ಎನ್ನುತ್ತಾರೆ. ಈ ವಾದದಲ್ಲಿ ಬೇರೆ ಬೇರೆ ಪ್ರಶ್ನೆಗಳು ಕಲೆತುಹೋಗಿವೆಯೆಂದು ನನ್ನ ಅಭಿಪ್ರಾಯ. ಅವನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲನೆಯದಾಗಿ, ಕಣ್ಣಿಗೆ ಕಾಣುವ ಹೊಗೆ ಬೇರೆ, ಭೂಮಿಯನ್ನು ಕಾಯಿಸುವ ಅನಿಲ ಬೇರೆ. ಕರಿಹೊಗೆ, ಇಂಗಾಲದ ಮೊನಾಕ್ಸೈಡು, ಸಾರಜನಕದ ಆಕ್ಸೈಡುಗಳು ಎದೆಗೂ ಕಣ್ಣಿಗೂ ಕೇಡು ಮಾಡುತ್ತವೆ. ಇವನ್ನು ತಡೆಯಲೆಂದೇ 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 6 ಎಂಬ ಬಿಗಿಯಾದ ನಿಯಮ ಜಾರಿಗೆ ಬಂದಿತು. ಆದರೆ ಹವಾಮಾನದ ವಿಷಯದಲ್ಲಿ ಮುಖ್ಯ ಆರೋಪಿಯೆಂದರೆ ಇಂಗಾಲದ ಡೈ ಆಕ್ಸೈಡು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ತಪಾಸಣೆಯ ಪ್ರಮಾಣಪತ್ರ ಪಡೆದ ಗಾಡಿಯೂ ಅದನ್ನು ಬಿಡುತ್ತಲೇ ಇರುತ್ತದೆ. ಆ ಪತ್ರ ಅದಕ್ಕೆ ಮಿತಿಯನ್ನೇನೂ ಹಾಕುವುದಿಲ್ಲ. ಆದಕಾರಣ "ನನ್ನ ಗಾಡಿ ಹೊಗೆ ಉಗುಳುವುದಿಲ್ಲ, ನನ್ನಿಂದ ಏನು ತೊಂದರೆ?" ಎಂಬ ಮಾತು ಮೊದಲ ಪ್ರಶ್ನೆಗೆ ಉತ್ತರವಾದೀತು, ಎರಡನೆಯದಕ್ಕೆ ಅಲ್ಲ.

ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಮು ಇಂಗಾಲದ ಡೈ ಆಕ್ಸೈಡು ಹೊರಬರುತ್ತದೆ. ಮುಕ್ಕಾಲು ಕಿಲೋ ತೂಗುವ ಎಣ್ಣೆಯಿಂದ ಎರಡು ಕಿಲೋಕ್ಕೂ ಮಿಕ್ಕ ಅನಿಲ ಹೇಗೆ ಬಂದೀತು ಎಂದು ನಮ್ಮಂಥ ಕಲಾವಿಭಾಗದವರು ಕೇಳುವುದು ಸಹಜ. ಎಣ್ಣೆಯಲ್ಲಿರುವ ಇಂಗಾಲವು ಉರಿಯುವಾಗ ಗಾಳಿಯಲ್ಲಿಯ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. 12 ಪಾಲು ಇಂಗಾಲಕ್ಕೆ 32 ಪಾಲು ಆಮ್ಲಜನಕ ಕೂಡಿ 44 ಪಾಲಾಗುತ್ತದೆ. ಹೆಚ್ಚಿನ ತೂಕವೆಲ್ಲ ಗಾಳಿಯದೇ.

ಇನ್ನು, ಈ ಅನಿಲ ಶಾಖವನ್ನು ಹಿಡಿದಿಡುತ್ತದೆಯೆಂಬುದು ಈಚಿನವರು ಕಟ್ಟಿದ ಕಥೆಯೇ? ಅಲ್ಲ. 1856ರಲ್ಲಿ ಅಮೇರಿಕದ ಯುನೀಸ್ ಫೂಟ್ ಎಂಬ ಮಹಿಳೆ, 1859ರಲ್ಲಿ ಜಾನ್ ಟಿಂಡಾಲರು ಇದನ್ನು ಪ್ರಯೋಗಗಳಿಗೆ ಒಳಪಡಿಸಿದರು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್ಸರು, ಈ ಅನಿಲ ಹೆಚ್ಚಿದರೆ ಭೂಮಿ ಎಷ್ಟು ಕಾಯ್ದೀತೆಂದು ಲೆಕ್ಕ ಹಾಕಿದರು. ಆಗ ನಮ್ಮ ಕಡೆಗೆ ಮೋಟಾರು ಗಾಡಿಯ ಹೆಸರೂ ಇರಲಿಲ್ಲ. 1958ರಲ್ಲಿ ಚಾರ್ಲ್ಸ್ ಕೀಲಿಂಗರು ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳೆಯತೊಡಗಿದಾಗ, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇದು ಸುಮಾರು 315 ಪಾಲು ಇತ್ತು. ಇಂದು 420ನ್ನು ದಾಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್‌ರು, ಆಗ ಶೈತ್ಯಯಂತ್ರಗಳಲ್ಲಿ ಬಳಸುತ್ತಿದ್ದ ಅನಿಲಗಳೂ ಭೂಮಿಯನ್ನು ಕಾಯಿಸುತ್ತವೆಂದು 1975ರಲ್ಲಿ ತೋರಿಸಿದರು. ಈ ವಿದ್ಯೆಯಲ್ಲಿ ನಮ್ಮವರ ಪಾಲೂ ಉಂಟು.

ಇಷ್ಟಾದರೂ ಆಕ್ಷೇಪಣೆಗಳನ್ನು ಕೇಳದೆ ತಳ್ಳಿಹಾಕುವುದು ವಿದ್ಯಾರ್ಥಿಗಳಿಗೆ ತಕ್ಕುದಲ್ಲ. ಹವಾಮಾನ ಹಿಂದೆಯೂ ಬದಲಾಗಿಲ್ಲವೆ ಎನ್ನುತ್ತಾರೆ. ಬದಲಾಗಿದೆ. ಹಿಮಯುಗಗಳು ಬಂದುಹೋಗಿವೆ, ಅವು ಸಾವಿರಾರು ವರ್ಷಗಳ ಮಾತು. ಸಿಡಿಲಿನಿಂದಲೂ ಬಣವೆಗೆ ಬೆಂಕಿ ಬಿದ್ದೀತು, ನಿಜ. ಆದರೆ ಕಡ್ಡಿ ಗೀರಿದ ಕೈ ಕಂಡಮೇಲೂ ಸಿಡಿಲನ್ನೇ ದೂರುತ್ತ ಕೂಡ್ರುವುದು ನ್ಯಾಯವೆ? ಸೂರ್ಯನೇ ಹೆಚ್ಚು ಕಾಯುತ್ತಿದ್ದರೆ ವಾಯುಮಂಡಲದ ಮೇಲ್ಪದರವೂ ಕಾಯಬೇಕಿತ್ತು. ಆದರೆ ಕೆಳಗಿನ ಗಾಳಿ ಕಾಯುತ್ತಿದ್ದು, ಮೇಲಿನ ಪದರ ತಣ್ಣಗಾಗುತ್ತಿದೆ. ಜ್ವಾಲಾಮುಖಿಗಳು ಬಿಡುವ ಇಂಗಾಲದ ಡೈ ಆಕ್ಸೈಡು ಮನುಷ್ಯನು ಬಿಡುವುದರ ನೂರರಲ್ಲಿ ಒಂದು ಪಾಲೂ ಇಲ್ಲ. ಮನುಷ್ಯನ ಕೈವಾಡ ನಿಸ್ಸಂದೇಹವೆಂದು ಜಗತ್ತಿನ ವಿಜ್ಞಾನಿಗಳ ಮಂಡಲಿಯಾದ ಐ.ಪಿ.ಸಿ.ಸಿ. 2021ರಲ್ಲಿ ಸಾರಿದ್ದು ಇಂಥ ಸಾಕ್ಷ್ಯಗಳ ಮೇಲಿಂದ. ಅಷ್ಟರಲ್ಲಿ ಭೂಮಿಯ ಸರಾಸರಿ ಉಷ್ಣತೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.1 ಡಿಗ್ರಿ ಏರಿತ್ತು.

ಒಂದು ಡಿಗ್ರಿ ಎಂದು ಕೇಳಿ ನಗುವವರಿದ್ದಾರೆ. ಗಾಳಿ ಒಂದು ಡಿಗ್ರಿ ಕಾಯ್ದರೆ ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಸುರಿದರೆ ಒಮ್ಮೆಲೇ ಸುರಿಯುತ್ತದೆ. ಸುರಿಯದಿದ್ದರೆ ಕಾದ ಗಾಳಿ ನೆಲದ ತೇವವನ್ನು ಹೀರುತ್ತದೆ. 2019ರ ಆಗಸ್ಟದಲ್ಲಿ ಕೃಷ್ಣೆ ಉಕ್ಕಿ ಅಥಣಿ, ಚಿಕ್ಕೋಡಿ, ರಾಯಬಾಗ ಭಾಗದ ಹೊಳೆಸಾಲಿನ ಹಳ್ಳಿಗಳನ್ನು ನುಂಗಿತು. 2023ರಲ್ಲಿ ರಾಜ್ಯದ 200ಕ್ಕೂ ಮಿಕ್ಕ ತಾಲೂಕುಗಳನ್ನು ಸರಕಾರವು ಬರಪೀಡಿತವೆಂದು ಘೋಷಿಸಿತು. ಒಂದು ನೆರೆಯನ್ನಾಗಲಿ ಒಂದು ಬರವನ್ನಾಗಲಿ ಹಿಡಿದು ಇದು ಮೋಟಾರಿನಿಂದಲೇ ಆಯಿತು ಎನ್ನುವುದು ಅವಸರದ ಮಾತು. ಇಂಥವು ಹೆಚ್ಚಾಗುತ್ತಲಿವೆ ಎಂಬುದು ಮಾತ್ರ ಅವಸರದ ಮಾತಲ್ಲ. ನಮ್ಮ ತೆಲಸಂಗದ ಸುತ್ತಿನ ದ್ರಾಕ್ಷಿ ಬೆಳೆಗಾರನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೂವಿನ ಕಾಲಕ್ಕೆ ಬಂದ ಮಳೆ ರೋಗ ತರುತ್ತದೆ, ಮಣೂಕ ಒಣಗುವಾಗ ಬಂದ ಮಳೆ ವರ್ಷದ ದುಡಿಮೆಯನ್ನು ಕೆಡಿಸುತ್ತದೆ.

ಇನ್ನು ಎರಡನೆಯ ವಾದ: ಭಾರ ಯಾರು ಹೊರಬೇಕು? ನಿಜವಾದ ಭಿನ್ನಾಭಿಪ್ರಾಯಕ್ಕೆ ಅವಕಾಶವಿರುವುದು ಇಲ್ಲಿ. ಅಮೇರಿಕದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ನು ಇಂಗಾಲದ ಡೈ ಆಕ್ಸೈಡು ಬಂದರೆ, ಭಾರತೀಯನ ಪಾಲಿಗೆ ಸುಮಾರು 2 ಟನ್ನು. ಅಂದಮೇಲೆ ಮೊದಲು ಅವರೇ ಇಳಿಸಲಿ ಎಂಬ ಮಾತಿನಲ್ಲಿ ನ್ಯಾಯವಿದೆ. ಸಾರಿಗೆಯ ಪಾಲು ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 15 ಮಾತ್ರ; ಉಳಿದುದು ವಿದ್ಯುತ್ತು, ಕಾರಖಾನೆ, ಬೇಸಾಯ ಮುಂತಾದವುಗಳದು. ಮೋಟಾರೊಂದನ್ನೇ ಕಟಕಟೆಗೆ ನಿಲ್ಲಿಸುವುದೂ ತಪ್ಪು. ಆದರೆ ಪರರ ತಪ್ಪು ದೊಡ್ಡದೆಂದು ನಮ್ಮ ಹೊಲದ ಒಡ್ಡು ಕಟ್ಟದೆ ಬಿಟ್ಟರೆ ಕೊಚ್ಚಿಹೋಗುವ ಮಣ್ಣು ನಮ್ಮದೇ.

ಎಥೆನಾಲಿನ ಚರ್ಚೆಯೂ ಹೀಗೆಯೇ. 2025ರಲ್ಲಿ ದೇಶದ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲು ಬೆರೆಸುವ ಗುರಿ ಮುಟ್ಟಿತು. ಕಬ್ಬು ಗಾಳಿಯಿಂದಲೇ ಪಡೆದ ಇಂಗಾಲವನ್ನು ಮರಳಿ ಗಾಳಿಗೆ ಕೊಡುತ್ತದೆ; ಈ ಮಟ್ಟಿಗೆ ಅದು ಒಳ್ಳೆಯದು. ಸಕ್ಕರೆ ಕಾರಖಾನೆಗಳ ನಮ್ಮ ಜಿಲ್ಲೆಗೆ ಲಾಭವೂ ಹೌದು. ಆದರೆ ವರ್ಷವಿಡೀ ನೀರು ಬೇಡುವ ಕಬ್ಬನ್ನು ಬರದ ಸೀಮೆಗೂ ಹಬ್ಬಿಸಿದರೆ, ಹವಾಮಾನ ಉಳಿಸಹೋಗಿ ಅಂತರ್ಜಲ ಕಳೆದುಕೊಂಡಂತೆ.

ನನ್ನ ಮಟ್ಟಿಗೆ ಹೆಚ್ಚು ಸರಳವಾದ ದಾರಿ ಬಸ್ಸು. ಲೀಟರಿಗೆ 5 ಕಿಲೋಮೀಟರು ಓಡುವ ಬಸ್ಸಿನಲ್ಲಿ 50 ಜನರಿದ್ದರೆ, ಒಬ್ಬನ ಪಾಲಿಗೆ ಕಿಲೋಮೀಟರಿಗೆ ಸುಮಾರು 11 ಗ್ರಾಮು ಅನಿಲ. ಲೀಟರಿಗೆ 50 ಕಿಲೋಮೀಟರು ಓಡುವ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬನೇ ಹೋದರೆ 46 ಗ್ರಾಮು. 15 ಕಿಲೋಮೀಟರು ಓಡುವ ಕಾರಿನಲ್ಲಿ ಒಬ್ಬನೇ ಕುಳಿತರೆ 150ಕ್ಕೂ ಹೆಚ್ಚು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಬಸ್ಸನ್ನು ಉಚಿತ ಮಾಡಿತು. ಅದರ ಖರ್ಚಿನ ಬಗ್ಗೆ ವಾದವಿರಲಿ. ಬಸ್ಸು ಬಡವರ ಸಾಧನವೆಂಬಂತೆಯೇ ಹವಾಮಾನದ ಸಾಧನವೂ ಹೌದೆಂಬುದನ್ನು ಆ ವಾದದಲ್ಲಿ ಯಾರೂ ಎತ್ತುವುದಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಾರದ ಊರಿನ ತರುಣನಿಗೆ ಗಾಡಿ ಬಿಡೆಂದು ಉಪದೇಶಿಸುವುದು ವ್ಯರ್ಥ. ಮೊದಲು ಬಸ್ಸು, ಆಮೇಲೆ ಉಪದೇಶ.

ಆದುದರಿಂದ ನಮ್ಮ ಚರ್ಚಾಕೂಟದಲ್ಲಿ "ಹವಾಮಾನ ಬದಲಾವಣೆ ನಿಜವೆ?" ಎಂಬ ವಿಷಯವನ್ನು ಇನ್ನು ಮೇಲೆ ಇಡಬಾರದೆಂದು ನನ್ನ ಸೂಚನೆ. ತಕ್ಕಡಿಯಲ್ಲಿ ತೂಗಿಯಾದುದನ್ನು ಕೈಯೆತ್ತಿಸಿ ನಿರ್ಣಯಿಸುವುದು ಸಲ್ಲದು. ಬದಲಿಗೆ, ನಮ್ಮಲ್ಲಿ ಎಷ್ಟು ಜನರು ಯಾವ ಊರಿನಿಂದ ಯಾವ ವಾಹನದಲ್ಲಿ ಬರುತ್ತಾರೆ, ಯಾವ ಹೊತ್ತಿಗೆ ಒಂದು ಬಸ್ಸು ಬಂದರೆ ಎಷ್ಟು ಗಾಡಿಗಳು ಮನೆಯಲ್ಲಿ ಉಳಿದಾವು ಎಂದು ಎಣಿಸಿ ಬರೆಯೋಣ. ಅರ್ಥಶಾಸ್ತ್ರದ, ಭೂಗೋಳದ ಗುರುಗಳು ಮಾರ್ಗದರ್ಶನ ಮಾಡಿದರೆ ಒಂದು ವಾರದ ಕೆಲಸ. ಆ ಪಟ್ಟಿಯನ್ನು ಹಿಡಿದು ಸಂಬಂಧಪಟ್ಟವರ ಬಾಗಿಲಿಗೆ ಹೋದರೆ ನಮ್ಮ ಮಾತಿಗೆ ಬೆಲೆ ಬಂದೀತು.