ಬಿತ್ತನೆಯ ಕಾಲಕ್ಕೇ ಕಾಲೇಜಿನ ಶುಲ್ಕ



ಮುಂಗಾರು ಬಂತೆಂದರೆ ಬೀಜ, ಗೊಬ್ಬರಕ್ಕೆ ಹಣ ಬೇಕು. ಮಕ್ಕಳ ಕಾಲೇಜಿನ ಶುಲ್ಕ ಕಟ್ಟುವುದೂ ಆಗಲೇ. ಹೀಗೆ ಕೈ ಬರಿದಾದಾಗ ಕೆಲವರು ಬೆಳೆಸಾಲವನ್ನೇ ಶುಲ್ಕಕ್ಕೆ ಕಟ್ಟುತ್ತಾರೆ; ಹೊಲ ಸೊರಗುತ್ತದೆ. ಕೆಲವರು ಕೈಸಾಲ ಮಾಡುತ್ತಾರೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಾದರೆ, 50,000 ರೂಪಾಯಿಗೆ ವರ್ಷದ ಬಡ್ಡಿಯೇ 18,000 ರೂಪಾಯಿ! ಇದನ್ನು ತೀರಿಸಲು ಹೊಲ ಅಡವಿಡಬೇಕಾದೀತು.

ಮಗು ಎಂಟನೆಯ ತರಗತಿಗೆ ಸೇರಿದ ಜೂನ್‌ನಲ್ಲೇ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್.ಡಿ. ಖಾತೆ ತೆರೆಯಿರಿ. ಹಾಲಿನ ಬಟವಾಡೆಯಿಂದ ತಿಂಗಳಿಗೆ 1,000 ರೂಪಾಯಿ ಕಟ್ಟಿದರೆ, ಪಿಯುಸಿ ಮುಗಿಯುವ ಹೊತ್ತಿಗೆ ಅಸಲೇ 60,000 ರೂಪಾಯಿ, ಬಡ್ಡಿ ಬೇರೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ ಸುಕನ್ಯಾ ಸಮೃದ್ಧಿ ಖಾತೆಯೂ ಇದೆ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ.

ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದಿಡಿ. ಅವಿಲ್ಲದೆ ವಿದ್ಯಾರ್ಥಿವೇತನ ಕೈತಪ್ಪೀತು. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆ ಮೀಸಲು ಸೀಟುಗಳಿರುವುದನ್ನೂ ಮರೆಯದಿರಿ.

ಬೀಜಕ್ಕೆಂದು ಎತ್ತಿಟ್ಟ ಕಾಳನ್ನು ನಾವು ಎಂಥ ಕಷ್ಟದಲ್ಲೂ ಮುಟ್ಟುವುದಿಲ್ಲ. ಮಕ್ಕಳ ಓದಿನ ಹಣವನ್ನೂ ಹಾಗೆಯೇ ಕಾಯ್ದುಕೊಳ್ಳಿ. ಹೊಲವೂ ಉಳಿದೀತು, ಓದೂ ಸಾಗೀತು.