ಗಾಳಿ ಹೆಚ್ಚಿದಂತೆ ಇಂಧನವೂ ಹೆಚ್ಚಬೇಕು

ಬೀದರ್, ಭಾಲ್ಕಿ, ಔರಾದ್‌ಗಳ ನಡುವೆ ನಿತ್ಯ ಸಂಚರಿಸುವ ವರ್ತಕರು ಕಾರಿಗೆ ಸೂಪರ್‌ಚಾರ್ಜರ್ ಅಳವಡಿಸುವ ಮುನ್ನ ಪೂರ್ಣ ವೆಚ್ಚದ ಲೆಕ್ಕ ಹಾಕುವುದು ಒಳಿತು. ಆ ಸಾಧನ ಎಂಜಿನ್ನಿಗೆ ಹೆಚ್ಚಾಗಿ ತುಂಬುವುದು ಗಾಳಿಯನ್ನು ಮಾತ್ರ. ತೂಕದಲ್ಲಿ 14.7 ಪಾಲು ಗಾಳಿಗೆ ಸುಮಾರು 1 ಪಾಲು ಪೆಟ್ರೋಲ್ ಬೇಕು. ಎಂಜಿನ್ನಿನ ಮೇಲೆ ಭಾರ ಬಿದ್ದಾಗ ಇನ್ನೂ ಹೆಚ್ಚು. ಹಳೆಯ ಪಂಪು, ಇಂಜೆಕ್ಟರುಗಳು ಅಷ್ಟನ್ನು ಪೂರೈಸದಿದ್ದರೆ ಪಿಸ್ಟನ್ ಕರಗುವ ಅಪಾಯವುಂಟು. ದುಡಿಯುವ ಬಂಡವಾಳವಿಲ್ಲದೆ ವಹಿವಾಟು ಹಿಗ್ಗಿಸಿದ ಅಂಗಡಿಯ ಗತಿಯೂ ಇದೇ. ಆದ್ದರಿಂದ ಪಂಪು, ಇಂಜೆಕ್ಟರು, ಇಸಿಯು ಹೊಂದಾಣಿಕೆಗಳ ವೆಚ್ಚವನ್ನು ಮೊದಲ ಅಂದಾಜಿನಲ್ಲೇ ಸೇರಿಸತಕ್ಕದ್ದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಕಾನೂನು ಒಪ್ಪದ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, 6 ತಿಂಗಳವರೆಗೆ ಸೆರೆ ಅಥವಾ ಎರಡೂ ಉಂಟು. ಇಷ್ಟಕ್ಕೂ ಸಿದ್ಧತೆಯಿಲ್ಲದಿದ್ದರೆ ಮೂಲ ಎಂಜಿನ್ನಿನಲ್ಲೇ ಮುಂದುವರಿಯುವುದು ಲಾಭಕರ.