ಮೂಳೆ ಸಾರಿಗೂ ಪಾಸ್‌ಪೋರ್ಟ್ ಬೇಕಾ?



ಹೋದ ಭಾನುವಾರ ರಾತ್ರಿ ನಾನು, ನನ್ನ ಹೆಂಡತಿ, ಮಗಳು, ಊರಿಂದ ಬಂದಿದ್ದ ಅವ್ವ, ನಾಲ್ಕು ಜನ ಇಂದಿರಾನಗರದ ಕಡೆ ಒಂದು ವಿಯೆಟ್ನಾಂ ಹೋಟೆಲಿಗೆ ಊಟಕ್ಕೆ ಹೋಗಿದ್ವಿ. ಮಗಳು ಪಿಯುಸಿ ಪಾಸಾದ ಖುಷಿಗೆ ಅವಳೇ ಆರಿಸಿದ ಜಾಗ. ಭಾರೀ ಹೋಟೆಲೇನಲ್ಲ. ಸಣ್ಣ ಸಣ್ಣ ಟೇಬಲ್ಲು, ಕುಳ್ಳ ಸ್ಟೂಲು, ಗೋಡೆ ಮೇಲೆ ಅಲ್ಲಿನ ರೈತರು ಹಾಕೋ ಚೂಪು ಟೋಪಿ. ಊಟದ ಫೋಟೋ ಹಾಕೋಕೆ ಇದನ್ನ ಬರೀತಿಲ್ಲ. ಅಲ್ಲಿ ನಾನೊಂದು ತಪ್ಪು ಮಾಡಿದೆ. ಆ ತಪ್ಪು ನನ್ನೊಬ್ಬನದಲ್ಲ ಅನ್ನಿಸ್ತು, ಅದಕ್ಕೇ ಬರೀತಿದೀನಿ.

ಮಗಳು ಎಲ್ಲರಿಗೂ 'ಬಫ್ ಫೋ' ಹೇಳಿದಳು. ಬಫ್ ಅಂದ್ರೆ ಎಮ್ಮೆ. ಅಕ್ಕಿ ಶ್ಯಾವಿಗೆ ಮೇಲೆ ಬಿಸಿ ಬಿಸಿ ಮೂಳೆ ಸಾರು, ತೆಳ್ಳಗೆ ಹೆಚ್ಚಿದ ಬಾಡು, ಮೇಲೆ ಸೊಪ್ಪು, ನಿಂಬೆ. ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ಕೆ, ಲವಂಗ, ಅನಾನಸ್ ಹೂವು ಹಾಕಿ ಗಂಟೆಗಟ್ಟಲೆ ಕುದಿಸಿದ ಸಾರು. ಬಟ್ಟಲು ಮುಂದೆ ಬಂತು. ಅವ್ವ ಒಂದು ಸಲ ವಾಸನೆ ಎಳ್ಕೊಂಡಳು. ಮುಖ ಅರಳಿತು. ಊರಲ್ಲಿ ಮಾತಾಡೋ ಹಾಗೇ ಗಟ್ಟಿಯಾಗಿ ಹೇಳಿದಳು, "ಅಯ್ಯೋ ಮಗಾ, ಇದು ನಮ್ ಮೂಳೆ ಸಾರು ಕಣೋ! ನಿಮ್ಮಜ್ಜಿ ರಾತ್ರಿಯೆಲ್ಲಾ ಒಲೆ ಮೇಲೆ ಇಕ್ಕೋಳಲ್ಲ, ಅದೇಯ."

ನಾನು ಏನಂದೆ ಗೊತ್ತಾ? "ಅವ್ವಾ, ಮೆಲ್ಲಗೆ."

ಯಾಕಂದ್ರೆ ಎರಡು ಟೇಬಲ್ ಆಚೆ ನಮ್ಮ ಆಫೀಸಿನ ಒಬ್ಬರು ಸಂಸಾರ ಸಮೇತ ಕೂತಿದ್ರು. ಕೆಲವು ವರ್ಷದ ಹಿಂದೆ ನಾನು ಡಬ್ಬಿ ತೆಗೆದಾಗ ಮೂಗು ಮುಚ್ಚಿಕೊಂಡು ಎದ್ದು ಹೋದ ಮನುಷ್ಯ. ಮಾರನೇ ದಿನದಿಂದ ಊಟದ ಕೋಣೇಲಿ 'ಎಲ್ಲರ ಭಾವನೆ ಗೌರವಿಸಿ' ಅನ್ನೋ ಮಾತು ಶುರುವಾಯ್ತು. ಆರ್ಡರ್ ಇಲ್ಲ, ಸಹಿ ಇಲ್ಲ, ಬಾಯಿ ಮಾತು ಅಷ್ಟೇ. ಅವತ್ತಿಂದ ನನ್ನ ಡಬ್ಬೀಲಿ ಚಿತ್ರಾನ್ನ, ಮೊಸರನ್ನ. ಅದೇ ಮನುಷ್ಯ ಭಾನುವಾರ ಬಟ್ಟಲನ್ನ ಎರಡೂ ಕೈಯಲ್ಲಿ ಎತ್ತಿ ಕುಡೀತಿದ್ರು. ನನ್ನನ್ನ ನೋಡಿ ಕೈ ಬೀಸಿ, "ಸೂಪ್ ಅದ್ಭುತ ಅಲ್ವಾ, 12 ಗಂಟೆ ಕುದಿಸ್ತಾರಂತೆ" ಅಂದ್ರು. "ಹೌದು ಸಾರ್" ಅಂದೆ. ಅವ್ವ ತಲೆ ತಗ್ಗಿಸಿ ಊಟ ಮಾಡಿದಳು, ಆಮೇಲೆ ಮಾತೇ ಆಡಲಿಲ್ಲ.

ಅವರು ತಿಂದಿದ್ದಕ್ಕೆ ನನ್ನ ತಕರಾರಿಲ್ಲ. ಇನ್ನೊಂದು ಬಟ್ಟಲು ತಿನ್ನಲಿ. ಕೇಳೋದು ಇಷ್ಟೇ: ಮೂಳೆ ಅದೇ, ವಾಸನೆ ಅದೇ. ಹನೋಯ್‌ನಿಂದ ಬಂದ್ರೆ ರುಚಿ, ಹಟ್ಟಿಯಿಂದ ಬಂದ್ರೆ ಗಬ್ಬು ಹೇಗಾಗುತ್ತೆ ಸ್ವಾಮಿ? ಗಬ್ಬು ಸಾರಿನಲ್ಲಿಲ್ಲ, ಬೇಯಿಸಿದ ಕೈ ಯಾರದು ಅನ್ನೋ ಲೆಕ್ಕದಲ್ಲಿದೆ.

ಈ ಫೋ ಹುಟ್ಟಿದ ಕಥೆಯನ್ನೂ ಕೇಳಿ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿ, ಉತ್ತರ ವಿಯೆಟ್ನಾಂನ ಹನೋಯ್, ನಾಮ್ ದಿನ್ಹ್ ಕಡೆ ಹುಟ್ಟಿದ್ದು. ಹೆಚ್ಚಿನವರು ಹೇಳೋ ಪ್ರಕಾರ, ಅಲ್ಲಿ ದನ ಅಂದ್ರೆ ಉಳೋಕೆ ಇದ್ದ ಪ್ರಾಣಿ. ಬಾಡು ಫ್ರೆಂಚ್ ದೊರೆಗಳ ಪಾಲಿಗೆ ಹೋಗ್ತಿತ್ತು, ಮೂಳೆ ಅಗ್ಗಕ್ಕೆ ಸಿಗ್ತಿತ್ತು. ಬಡ ವ್ಯಾಪಾರಿಗಳು ಆ ಮೂಳೆ ಕುದಿಸಿ, ಹೆಗಲ ಮೇಲೆ ಅಡ್ಡೆ ಹೊತ್ತು ಬೀದಿ ಬೀದಿ ಮಾರಿದರು. ಅಂದ್ರೆ ಇದೂ ಉಳ್ಳವರು ಬಿಟ್ಟ ಮೂಳೆಯಿಂದಲೇ ಹುಟ್ಟಿದ ಊಟ, ನಮ್ಮಜ್ಜಿ ಸಾರಿನ ಹಾಗೇ. 2024ರಲ್ಲಿ ಆ ದೇಶದ ಸರ್ಕಾರ ಹನೋಯ್ ಮತ್ತು ನಾಮ್ ದಿನ್ಹ್‌ನ ಫೋವನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ? ಅದೇ 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೀತು. ಅದರ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಲ್ಲೇ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಹಾಕಿದ್ರು. ನಮ್ಮವರು, ಪ್ರಗತಿಪರರು ಬೀದಿಗಿಳಿದು ಬಾಡೂಟ ಕೇಳಬೇಕಾಯ್ತು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ನೋಡಿ. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೆ ಯಾವ ದನ ಕಡಿದರೂ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ದಂಡ. ಒಂದು ದೇಶ ಬಡವರ ಬಟ್ಟಲಿಗೆ ಗೌರವ ಕೊಡ್ತು, ನಮ್ಮ ರಾಜ್ಯ ಬಡವರ ಮಡಕೆಗೆ ಪೊಲೀಸರನ್ನ ಕಳಿಸ್ತು. ಅಲ್ಲೂ ಬಡತನ ಇತ್ತು, ಯುದ್ಧ ಇತ್ತು, ಪರದೇಶದವರ ದಬ್ಬಾಳಿಕೆ ಇತ್ತು. ಮೂಳೆ ಬೇಯಿಸಿದವನ ಮಗನನ್ನ ಬಾವಿ ಹತ್ರ ಬಿಡದ ಜಾತಿ ಇರಲಿಲ್ಲ. ವ್ಯತ್ಯಾಸ ಅದೊಂದೇ.

ಈಗ ನಮ್ಮವರಲ್ಲೇ ಕೆಲವರು ಕಾಮೆಂಟ್ ಹಾಕ್ತೀರಿ: "ಬಾಬಾಸಾಹೇಬರೇ 1927ರಲ್ಲಿ ಮಹಾಡ್‌ನಲ್ಲಿ ಬಿಟ್ಟುಬಿಡಿ ಅಂದಿದ್ರಲ್ಲ?" ಸರಿಯಾಗಿ ಓದಿ. ಅವರು ಬಿಡಿ ಅಂದಿದ್ದು ಸತ್ತ ದನದ ಮಾಂಸವನ್ನ. ಊರಿನವರ ಸತ್ತ ದನ ಎಳೆದು ಹಾಕಿ, ಅದನ್ನೇ ಕೂಲಿ ಅಂತ ತಂದು ತಿನ್ನೋ ಜೀತವನ್ನ. ಸ್ವಾಭಿಮಾನಕ್ಕಾಗಿ ಹೇಳಿದ ಮಾತು ಅದು. ಪಕ್ಕದ ಟೇಬಲ್ಲಿನವರಿಗೆ ಹೆದರಿ ಅವ್ವನ ಬಾಯಿ ಮುಚ್ಚಿಸಿ ಅಂತ ಅವರು ಯಾವತ್ತೂ ಹೇಳಲಿಲ್ಲ. ಅದೇ ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ, ಉಳಿದವರು ಬಿಟ್ಟ ಮೇಲೂ ಗೋಮಾಂಸ ತಿನ್ನೋದನ್ನ ಬಿಡದವರ ಮೇಲೆ ಅಸ್ಪೃಶ್ಯತೆ ಹೇಗೆ ಬಿತ್ತು ಅಂತ ವಾದ ಮಾಡ್ತಾರೆ. ತಟ್ಟೆಗೂ ಜಾತಿಗೂ ಇರೋ ನಂಟನ್ನ ತೋರಿಸಿಕೊಟ್ಟವರೇ ಅವರು.

ಈ ಪುಸ್ತಕದ ಮೇಲೆ ನಾನು ಭಾಷಣ ಮಾಡಿದೀನಿ. ಮೈಕಿನ ಮುಂದೆ ಹುಲಿ, ಆಫೀಸಿನವರ ಮುಂದೆ ಇಲಿ. 2021ರಲ್ಲಿ ಬೀದರ್, ರಾಯಚೂರು, ಕೊಪ್ಪಳದಂಥ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ವಿರೋಧ ಮಾಡಿದ್ರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ನಿಂತು ಅವರನ್ನ ನೇರವಾಗಿ ಪ್ರಶ್ನೆ ಮಾಡಿದಳು. ಆ ವಿಡಿಯೋ ನಾನೂ ಶೇರ್ ಮಾಡಿದ್ದೆ. ಆ ಮಗುವಿಗಿದ್ದ ಧೈರ್ಯ ನಲವತ್ತು ದಾಟಿದ ನನಗಿರಲಿಲ್ಲ.

ಮನೆಗೆ ಬರುವಾಗ ಮೆಟ್ರೋದಲ್ಲಿ ಮಗಳು ಕೇಳಿದಳು, "ಅಪ್ಪಾ, ಅಜ್ಜಿ ನಿಜಾನೇ ಹೇಳಿದ್ದಲ್ವಾ? ಯಾಕೆ ಸುಮ್ಮನಿರಿಸ್ದೆ?" ಉತ್ತರ ಇರಲಿಲ್ಲ.

ಅವ್ವನಿಗೆ ಕ್ಷಮೆ ಕೇಳಿದೀನಿ. ಅವಳು ನಕ್ಕು, "ಬುಡು ಮಗಾ, ಅವರ ಸಾರಲ್ಲಿ ಖಾರ ಕಮ್ಮಿ" ಅಂದಳು. ನಾಳೆಯಿಂದ ನನ್ನ ಡಬ್ಬೀಲಿ ನನ್ನ ಮನೆ ಊಟ ಇರುತ್ತೆ. ಎದ್ದು ಹೋಗೋರು ಹೋಗಲಿ, ಬಾಯಿ ಮಾತಿನ ನಿಯಮವನ್ನ ಬರಹದಲ್ಲಿ ಕೊಡಿ ಅಂತ ಕೇಳ್ತೀನಿ. ಆರ್ಡರ್ ನಂಬರ್ ಹಾಕಿ ಕೊಡಲಿ ನೋಡೋಣ, ಗುಮಾಸ್ತನಿಗೆ ಅಷ್ಟಾದ್ರೂ ಗೊತ್ತು.

ನಿಮ್ಮಲ್ಲೂ ಒಂದು ಕೋರಿಕೆ. ನಿಮ್ಮ ಅವ್ವ, ಅಜ್ಜಿ ಮಾಡ್ತಿದ್ದ ಅಡುಗೆಯ ಹೆಸರನ್ನ ಕೆಳಗೆ ಬರೀರಿ. ಕೊರಬಾಡು, ಬೋಟಿ, ರಕ್ತದ ಪಲ್ಯ, ಯಾವುದಾದ್ರೂ ಸರಿ. ಇಂಗ್ಲಿಷ್ ಹೆಸರು ಬೇಡ, ನಿಮ್ಮ ಮನೇಲಿ ಕರೆದ ಹೆಸರೇ ಇರಲಿ. ಮೆಲ್ಲಗೆ ಬೇಡ, ಗಟ್ಟಿಯಾಗಿ.

ಜೈ ಭೀಮ್.